ಆಟ ಇಲ್ಲಿ, ಊಟ ಬೆಂಗಳೂರಲ್ಲಿ

2024ರ ಜನವರಿ 18, ಗುರುವಾರ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ, ನಂದಿ ಬೆಟ್ಟಸಾಲಿನ ಬುಡದ ಕ್ರಿಕೆಟ್ ಮೈದಾನದಲ್ಲಿ ಕೊನೆಯ ಓವರ್ ನಡೆದಿತ್ತು. ಚೆಂಡು ಯೂಸುಫ್ ಪಠಾಣ್ ಕೈಯಲ್ಲಿ, ಬ್ಯಾಟು ಅವರ ತಮ್ಮ ಇರ್ಫಾನ್ ಕೈಯಲ್ಲಿ. ಇನ್ನೊಂದು ಎಸೆತ ಬಾಕಿ ಇರುವಾಗಲೇ ತಮ್ಮ ಅಣ್ಣನ ಚೆಂಡನ್ನು ಸಿಕ್ಸರ್‌ಗೆ ಎತ್ತಿದರು, ಪಂದ್ಯ ಮುಗಿಯಿತು. ಗೆದ್ದದ್ದು ಸಚಿನ್ ತೆಂಡೂಲ್ಕರ್ ನಾಯಕತ್ವದ ‘ಒನ್ ವರ್ಲ್ಡ್’ ತಂಡ, ಸೋತದ್ದು ಯುವರಾಜ್ ಸಿಂಗ್ ಅವರ ‘ಒನ್ ಫ್ಯಾಮಿಲಿ’. ಮುರಳೀಧರನ್, ಚಮಿಂಡ ವಾಸ್, ಹರಭಜನ್ ಅವರಂಥ ಹಳೆಯ ಹುಲಿಗಳು ಕಣದಲ್ಲಿದ್ದರು. ಸುನಿಲ್ ಗಾವಸ್ಕರ್ ಬಂದಿದ್ದರು. ಟಿ.ವಿಯಲ್ಲಷ್ಟೇ ಕಂಡಿದ್ದ ಮುಖಗಳು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಿಗೇ ಬಂದಿಳಿದ ದಿನ ಅದು.

ಆಟ ಮುಗಿದ ಮೇಲೆ ಹೊರಗಿನಿಂದ ಬಂದಿದ್ದ ಕಾರುಗಳು ಎತ್ತ ತಿರುಗಿದವು ಎಂದು ಊಹಿಸುವುದು ಕಷ್ಟವಲ್ಲ. ಹೆದ್ದಾರಿ ಹಿಡಿದರೆ ಒಂದು, ಒಂದೂವರೆ ಗಂಟೆಯಲ್ಲಿ ಬೆಂಗಳೂರು. ರಾತ್ರಿ ಊಟಕ್ಕೆ ಮನೆ.

ದೊಡ್ಡ ಕ್ರೀಡಾಕೂಟ ನಡೆದರೆ ಊರು ಉದ್ಧಾರವಾಗುತ್ತದೆ, ಪ್ರವಾಸೋದ್ಯಮ ಬೆಳೆಯುತ್ತದೆ, ಕಷ್ಟಕಾಲದಲ್ಲಿ ನಾಲ್ಕು ಕಾಸು ಕೈಗೆ ಬರುತ್ತದೆ ಎಂಬ ಮಾತನ್ನು ಭಾಷಣಗಳಲ್ಲಿ ಕೇಳುತ್ತಲೇ ಇದ್ದೇವೆ. ಮಾತು ಸುಳ್ಳಲ್ಲ. ಆದರೆ ಆ ಕಾಸು ಯಾರ ಕೈಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವಾಗ ಬರುವುದೇ ಇಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಬೆಂಗಳೂರಿಗೆ ಅಂಟಿಕೊಂಡಂತಿರುವ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ತಾಲ್ಲೂಕುಗಳ ಮಟ್ಟಿಗಂತೂ ಈ ಲೆಕ್ಕ ಸ್ವಲ್ಪ ತೊಡಕಿನದು.

ಬರದ ವರ್ಷದ ಪಂದ್ಯ

ಆ ಪಂದ್ಯ ನಡೆದ ಕಾಲವನ್ನು ನೆನಪಿಸಿಕೊಳ್ಳಿ. 2023ರ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಶಾಶ್ವತವಾಗಿ ಹರಿಯುವ ಒಂದು ನದಿಯೂ ಇಲ್ಲದ ಈ ಸೀಮೆ ಆ ಪಟ್ಟಿಯಿಂದ ತಪ್ಪಿಸಿಕೊಳ್ಳುವುದುಂಟೆ? ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಎಲ್ಲವೂ ನಂದಿಯ ಸುತ್ತಮುತ್ತಲೇ ಹುಟ್ಟುತ್ತವೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಹುಟ್ಟಿದ ಊರಿಗೆ ಅವು ನೀರು ಕೊಟ್ಟದ್ದು ಕಡಿಮೆ. ಸಾವಿರ ಅಡಿ ದಾಟಿದ ಕೊಳವೆಬಾವಿ ಇಲ್ಲಿ ಯಾರಿಗೂ ಸೋಜಿಗವಲ್ಲ.

ಆರ್ಥಿಕ ಹಿಂಜರಿತ ಎಂಬ ದೊಡ್ಡ ಮಾತು ಈ ಊರುಗಳಿಗೆ ಷೇರುಪೇಟೆಯ ಸೂಚ್ಯಂಕದ ಮೂಲಕ ಬರುವುದಿಲ್ಲ. ಅದು ಬರುವುದು ಗೂಡಿನ ಮೂಲಕ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ ರಾಮನಗರದ್ದರ ಜೊತೆಗೆ ಹೆಸರು ಹೇಳುವಂಥದ್ದು. ಅಲ್ಲಿ ಹರಾಜಿಗೆ ಮುಂಚೆ ನೂಲು ಬಿಚ್ಚಿಸುವ ರೀಲರ್ ಒಬ್ಬ ರೈತನ ಲಾಟಿನ ಮುಂದೆ ನಿಂತು ಹಿಡಿ ಗೂಡು ಎತ್ತಿಕೊಳ್ಳುತ್ತಾನೆ. ಹೆಬ್ಬೆರಳಿನಿಂದ ಒತ್ತಿ ಗಟ್ಟಿಯೋ ಮೆತುವೋ ನೋಡುತ್ತಾನೆ, ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಕೋಶದ ಸದ್ದು ಕೇಳುತ್ತಾನೆ. ಆಮೇಲೆ ಬೆಲೆ ಹಾಕುವಾಗ ಅವನ ತಲೆಯಲ್ಲಿರುವುದು ಗೂಡಿನ ಗುಣವೊಂದೇ ಅಲ್ಲ. ನೂಲಿಗೆ ಮುಂದೆ ಗಿರಾಕಿ ಇದ್ದಾನೋ ಇಲ್ಲವೋ ಎಂಬುದೂ. ದೂರದ ಊರುಗಳಲ್ಲಿ ಮದುವೆ ಸೀರೆಯ ವ್ಯಾಪಾರ ಸೊರಗಿದರೆ ಇಲ್ಲಿ ಬೆಲೆ ಇಳಿಯುತ್ತದೆ. ರೈತ ಕಡಿಮೆ ಹಣ ಹಿಡಿದು ಊರಿಗೆ ಮರಳುತ್ತಾನೆ. ಬಟ್ಟೆಯಂಗಡಿ, ಹೋಟೆಲು, ಬಿಚ್ಚಣಿಕೆ ಘಟಕದಲ್ಲಿ ದಿನಗೂಲಿ ಮಾಡುವ ಹೆಂಗಸು, ಹೀಗೆ ಒಬ್ಬರಾದ ಮೇಲೊಬ್ಬರು ಕೈ ಬಿಗಿ ಹಿಡಿಯುತ್ತಾರೆ.

2020ರ ಲಾಕ್‌ಡೌನ್ ಇದನ್ನು ಬಿಡಿಬಿಡಿಯಾಗಿ ತೋರಿಸಿತು. ದ್ರಾಕ್ಷಿ ತೋಟದಲ್ಲೇ ಕೊಳೆಯಿತು, ಹೂವನ್ನು ತಿಪ್ಪೆಗೆ ಸುರಿದರು. ಅದರ ಮರುವರ್ಷ, 2021ರ ಆಗಸ್ಟ್‌ನಲ್ಲಿ, ಮಳೆಗೆ ಗುಡ್ಡ ಕುಸಿದು ನಂದಿಬೆಟ್ಟದ ರಸ್ತೆಯೇ ಕಡಿದುಹೋಯಿತು. ಬೆಟ್ಟ ಮತ್ತೆ ಪ್ರವಾಸಿಗರಿಗೆ ತೆರೆದದ್ದು ಡಿಸೆಂಬರ್‌ನಲ್ಲಿ. ಅಷ್ಟು ದಿನ ತಪ್ಪಲಿನ ಎಳನೀರು, ಸೀಬೆಹಣ್ಣು, ಜೋಳದ ಗಾಡಿಗಳವರ ಪಾಡು ಬರಗಾಲದಲ್ಲಿ ಅಧಿಕಮಾಸ ಬಂದಂತಾಗಿತ್ತು.

ಇಂಥ ಹೊತ್ತಿನಲ್ಲಿ ಪ್ರವಾಸಿಯ ಹಣಕ್ಕೆ ಒಂದು ವಿಶೇಷ ಬೆಲೆ ಇದೆ. ಅದು ಅಂದೇ ಬರುತ್ತದೆ, ನಗದಾಗಿ ಬರುತ್ತದೆ. ದ್ರಾಕ್ಷಿ ಬಳ್ಳಿ ಫಲ ಕೊಡಲು ಕಾಯಬೇಕು, ಹಿಪ್ಪುನೇರಳೆಗೆ ನೀರು ಬೇಕು. ಚಹಾ ಅಂಗಡಿಗೆ ಬೇಕಿರುವುದು ಜನ ಮಾತ್ರ. ಕ್ರೀಡಾಕೂಟ ಜನರನ್ನು ಕರೆತರುತ್ತದೆ, ಅದೂ ಗೊತ್ತುಪಡಿಸಿದ ದಿನಕ್ಕೆ.

ಸಾವಿರ ರೂಪಾಯಿಯ ಪ್ರಯಾಣ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಯಲಹಂಕದ ಕುಟುಂಬವೊಂದು ಪಂದ್ಯ ನೋಡಲು ಚಿಕ್ಕಬಳ್ಳಾಪುರಕ್ಕೆ ಹೊರಟಿತು ಅನ್ನಿ. ಪೆಟ್ರೋಲು ಬೆಂಗಳೂರಿನಲ್ಲೇ ಹಾಕಿಸಿದರು. ದಾರಿಯಲ್ಲಿ ಸರಣಿ ಹೋಟೆಲೊಂದರಲ್ಲಿ ತಿಂಡಿ. ಅದರ ಲಾಭ ಹೋಗುವುದು ಬೇರೆ ಊರಿನ ಮಾಲೀಕರಿಗೆ. ಟೋಲ್ ಕಟ್ಟಿದರು, ಅದೂ ಇಲ್ಲಿನದಲ್ಲ. ಮಕ್ಕಳಿಗೆ ಟೋಪಿ, ಬಾವುಟ ಕೊಂಡರು. ಅವು ತಯಾರಾದದ್ದು ಇನ್ನೆಲ್ಲೋ. ಕೊನೆಗೆ ಈ ನೆಲದವರಿಗೆ ದಕ್ಕಿದ್ದು ಪಾರ್ಕಿಂಗ್ ಹುಡುಗನ ಕೂಲಿ, ಎರಡು ಎಳನೀರು, ಒಂದು ಕಟ್ಟು ಸೊಪ್ಪು. ಖರ್ಚು ಸಾವಿರ, ಉಳಿದದ್ದು ನೂರೋ ಇನ್ನೂರೋ. ಇದನ್ನು ಅರ್ಥಶಾಸ್ತ್ರದವರು ಸೋರಿಕೆ ಎನ್ನುತ್ತಾರೆ. ತೂಬು ಕೆಟ್ಟ ಕೆರೆಗೆ ಎಷ್ಟು ನೀರು ಬಂದರೇನು?

ಅದೇ ಕುಟುಂಬ ಹಿಂದಿನ ಸಂಜೆಯೇ ಬಂದು ರಾತ್ರಿ ಉಳಿದರೆ ಲೆಕ್ಕವೇ ಬದಲಾಗುತ್ತದೆ. ಕೋಣೆ ಬಾಡಿಗೆ, ರಾತ್ರಿಯೂಟ, ಬೆಳಗಿನ ಇಡ್ಲಿ, ಆಟೋ, ಮನೆಗೆ ಒಯ್ಯಲು ಅವರೆಕಾಯಿ. ಕೋಣೆ ಗುಡಿಸುವವರು ಪಕ್ಕದ ಹಳ್ಳಿಯವರು, ಹಾಲು ಇಲ್ಲಿನ ಡೇರಿಯದು, ತರಕಾರಿ ಚಿಂತಾಮಣಿ ಮಾರುಕಟ್ಟೆಯದು. ಜಗತ್ತಿನ ಎಲ್ಲ ಕಡೆ ಪ್ರವಾಸೋದ್ಯಮ ನಡೆಸುವವರು ಬಂದವರ ತಲೆ ಎಣಿಸುವುದಕ್ಕಿಂತ ಉಳಿದ ರಾತ್ರಿಗಳನ್ನು ಎಣಿಸುವುದು ಈ ಕಾರಣಕ್ಕೆ. ನಮ್ಮಲ್ಲಿ ಇಂದಿಗೂ ‘ಇಷ್ಟು ಸಾವಿರ ಜನ ಸೇರಿದ್ದರು’ ಎಂಬುದೇ ಸುದ್ದಿ.

ಇನ್ನೊಂದು ತೊಡಕು ತಳ್ಳಾಟದ್ದು. ಶನಿವಾರ, ಭಾನುವಾರ ನಂದಿಬೆಟ್ಟಕ್ಕೆ ನಸುಕಿನಲ್ಲೇ ವಾಹನಗಳು ಸಾಲುಗಟ್ಟುತ್ತವೆ. ಹೊಸ ವರ್ಷದ ಮುನ್ನಾದಿನ ಬೆಟ್ಟಕ್ಕೆ ಯಾರೂ ಬರಬೇಡಿ ಎಂದು ಜಿಲ್ಲಾಡಳಿತವೇ ನಿಷೇಧ ಹೇರುತ್ತದೆ. ಹೀಗೆ ತುಂಬಿ ತುಳುಕುವ ದಿನವೇ ತಪ್ಪಲಿನಲ್ಲಿ ಒಂದು ಕ್ರೀಡಾಕೂಟ ಇಟ್ಟರೆ ಹೊಸಬರು ಬರುತ್ತಾರೆ, ಮಾಮೂಲಿನವರು ಗದ್ದಲಕ್ಕೆ ಹೆದರಿ ಮನೆಯಲ್ಲೇ ಉಳಿಯುತ್ತಾರೆ. ಒಟ್ಟು ಲೆಕ್ಕದಲ್ಲಿ ಹೆಚ್ಚಿದ್ದು ಏನೂ ಇಲ್ಲ. ಲಂಡನ್ನಿನಂಥ ಲಂಡನ್ನಿನಲ್ಲೇ ಹೀಗಾಗಿದೆ. 2012ರ ಆಗಸ್ಟ್‌ನಲ್ಲಿ ಒಲಿಂಪಿಕ್ಸ್ ನಡೆಯುವಾಗ ಬ್ರಿಟನ್ನಿಗೆ ಬಂದ ವಿದೇಶಿಯರ ಸಂಖ್ಯೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಕಡಿಮೆಯಿತ್ತು. ಬಂದವರು ಹೆಚ್ಚು ಖರ್ಚು ಮಾಡಿದರು ಎಂಬುದಷ್ಟೇ ಸಮಾಧಾನ.

ಈ ಲೆಕ್ಕದಲ್ಲಿ ಮುದ್ದೇನಹಳ್ಳಿಯ ಪಂದ್ಯ ವಾರದ ನಡುವೆ ನಡೆದದ್ದು ಗಮನಿಸಬೇಕಾದ ಸಂಗತಿ. ಬೇಕೆಂದೇ ಹಾಗೆ ಇಟ್ಟರೋ ತಾರೆಗಳ ಬಿಡುವು ನೋಡಿ ಇಟ್ಟರೋ, ಖಾಲಿ ಹೊಡೆಯುವ ದಿನಕ್ಕೆ ಜನ ಬಂದರು. ಕ್ರೀಡಾಕೂಟ ಪ್ರವಾಸೋದ್ಯಮಕ್ಕೆ ನಿಜವಾಗಿ ನೆರವಾಗುವುದು ಇಂಥ ದಿನಗಳಲ್ಲೇ.

ಕುಂಬ್ಳೆ ಸೋತ ಫೈನಲ್, ಆಫ್ರಿಕಾ ಗೆದ್ದ ಋತು

ಹಿಂಜರಿತದ ನಡುವೆ ಕ್ರೀಡೆ ಒಂದು ದೇಶದ ಪ್ರವಾಸೋದ್ಯಮಕ್ಕೆ ಹೇಗೆ ಊರುಗೋಲಾಯಿತು ಎಂಬುದಕ್ಕೆ ಕನ್ನಡಿಗರಿಗೆ ಚೆನ್ನಾಗಿ ನೆನಪಿರಬೇಕಾದ ಉದಾಹರಣೆ 2009ರದು. ಆ ವರ್ಷ ಲೋಕಸಭಾ ಚುನಾವಣೆ ಮತ್ತು ಐಪಿಎಲ್ ಒಂದೇ ಸಮಯಕ್ಕೆ ಬಂದವು. ಮುಂಬೈ ದಾಳಿಯ ಬಿಸಿ ಇನ್ನೂ ಆರಿರಲಿಲ್ಲ. ಎರಡಕ್ಕೂ ಭದ್ರತೆ ಕೊಡುವುದು ಕಷ್ಟವೆಂದು ಸರ್ಕಾರ ಹೇಳಿದಾಗ ಇಡೀ ಪಂದ್ಯಾವಳಿ ದಕ್ಷಿಣ ಆಫ್ರಿಕಾಕ್ಕೆ ಹಾರಿತು. ಮಾರ್ಚ್‌ನಲ್ಲಿ ತೀರ್ಮಾನ, ಏಪ್ರಿಲ್ 18ಕ್ಕೆ ಕೇಪ್‌ಟೌನಿನಲ್ಲಿ ಮೊದಲ ಪಂದ್ಯ.

ಅಮೆರಿಕದ ಬ್ಯಾಂಕುಗಳು ಕುಸಿದು ಜಗತ್ತೆಲ್ಲ ತತ್ತರಿಸುತ್ತಿದ್ದ ಕಾಲ ಅದು. ದಕ್ಷಿಣ ಆಫ್ರಿಕಾ ಕೂಡ ಹಲವು ವರ್ಷಗಳ ಬಳಿಕ ಮೊದಲ ಬಾರಿ ಹಿಂಜರಿತಕ್ಕೆ ಜಾರಿತ್ತು. ಏಪ್ರಿಲ್, ಮೇ ಅಲ್ಲಿ ಬೇಸಿಗೆಯ ಪ್ರವಾಸಿಗರು ಖಾಲಿಯಾಗುವ ಸಮಯ. ಆ ಖಾಲಿ ಹೊತ್ತಿಗೆ ಎಂಟು ತಂಡಗಳು, ಅವುಗಳ ಪರಿವಾರ, ಟಿ.ವಿ. ಸಿಬ್ಬಂದಿ, ಪ್ರಾಯೋಜಕರು, ಅಭಿಮಾನಿಗಳು ಐದು ವಾರ ಬೀಡುಬಿಟ್ಟರು. ಊರಿಂದೂರಿಗೆ ವಿಮಾನ, ರಾತ್ರಿಗೆ ಹೋಟೆಲು, ಬಸ್ಸು, ಬಟ್ಟೆ ಒಗೆಯುವವರು, ಅಡುಗೆಯವರು. ಒಂದು ಹೊಸ ಕ್ರೀಡಾಂಗಣವನ್ನೂ ಕಟ್ಟಬೇಕಾಗಲಿಲ್ಲ. ಇದ್ದ ಮೈದಾನಗಳೇ ಸಾಕಾದವು. ಜೊಹಾನ್ಸ್‌ಬರ್ಗಿನ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ನಮ್ಮ ಆರ್‌ಸಿಬಿ 6 ರನ್ನಿನಿಂದ ಸೋತದ್ದು ಬೇರೆ ನೋವು.

ಮರುವರ್ಷ ಅದೇ ದೇಶದಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯಿತು. ಅದಕ್ಕೆಂದೇ ಬಂದ ವಿದೇಶಿಯರು ಸುಮಾರು 3 ಲಕ್ಷ. ಸಣ್ಣ ಸಂಖ್ಯೆಯಲ್ಲ, ಆದರೆ ಮೊದಲು ಅಂದಾಜಿಸಿದ್ದಕ್ಕಿಂತ ಬಹಳ ಕಡಿಮೆ. ಕಟ್ಟಿದ ಕ್ರೀಡಾಂಗಣಗಳ ಖರ್ಚು ಮಾತ್ರ ಅಂದಾಜನ್ನು ಮೀರಿತು. ಅವುಗಳಲ್ಲಿ ಕೆಲವು ಇಂದಿಗೂ ನಗರಸಭೆಗಳಿಗೆ ಹೊರೆ. ಬೇರೊಬ್ಬರ ಟೂರ್ನಿಯನ್ನು ಇದ್ದ ಮೈದಾನದಲ್ಲಿ ಆಡಿಸಿಕೊಂಡ 2009 ಲಾಭ ತಂದಿತು. ಜಗತ್ತಿನ ಅತಿ ದೊಡ್ಡ ಕ್ರೀಡಾಕೂಟಗಳಲ್ಲೊಂದನ್ನು ಕ್ರೀಡಾಂಗಣ ಕಟ್ಟಿ ಕರೆಸಿದ 2010 ಹೆಸರು ತಂದಿತು, ಬಿಲ್ಲನ್ನೂ ತಂದಿತು. ಕಷ್ಟಕಾಲದಲ್ಲಿ ಕಟ್ಟಡಕ್ಕೆ ಕೈ ಹಾಕುವವರು ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಇನ್ನೊಂದು ಐಪಿಎಲ್ಲನ್ನೂ ಇಲ್ಲಿ ನೆನೆಯಬಹುದು. 2020ರಲ್ಲಿ ಕೋವಿಡ್ ಕಾರಣಕ್ಕೆ ಟೂರ್ನಿ ಅರಬ್ ಸಂಯುಕ್ತ ಸಂಸ್ಥಾನಕ್ಕೆ ಹೋಯಿತು, ಖಾಲಿ ಕುರ್ಚಿಗಳ ಮುಂದೆ ಆಡಿದರು. ತಂಡಗಳು ಉಳಿದ ಹೋಟೆಲುಗಳಿಗೆ ಹಣ ಬಂತು, ಬೀದಿಗೆ ಬರಲಿಲ್ಲ.

ಬೆಂಗಳೂರಿನ ನೆರಳಲ್ಲಿ

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಾಗಿನಿಂದ ಚಿಕ್ಕಬಳ್ಳಾಪುರಕ್ಕೆ ಹೊರಗಿನವರು ಬರುವುದು ಸಲೀಸಾಗಿದೆ. ಆ ನಿಲ್ದಾಣದ ಹತ್ತಿರವೇ ಬಿಸಿಸಿಐ ತನ್ನ ಉತ್ಕೃಷ್ಟತಾ ಕೇಂದ್ರವನ್ನು 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿತು. ಅಲ್ಲಿ ಮೂರು ಮೈದಾನಗಳಿವೆ. ಕ್ರಿಕೆಟ್ಟಿನ ಗಾಳಿ ಉತ್ತರಕ್ಕೆ ಬೀಸುತ್ತಿರುವುದಂತೂ ನಿಜ.

ಆಮೇಲೆ ಬಂದದ್ದು 2025ರ ಜೂನ್ 4. ಆರ್‌ಸಿಬಿ ಮೊದಲ ಬಾರಿ ಐಪಿಎಲ್ ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅದರ ಬೆನ್ನಿಗೇ ರಾಜ್ಯದ ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್ಪಿನ ಬೆಂಗಳೂರು ಪಂದ್ಯಗಳು ನವಿ ಮುಂಬೈ ಪಾಲಾದವು. ಒಂದು ಊರಿನಿಂದ ಪಂದ್ಯ ಎದ್ದುಹೋದಾಗ ಅದರ ಜೊತೆ ಏನೇನು ಎದ್ದುಹೋಗುತ್ತದೆ ಎಂಬುದು ಬೆಂಗಳೂರಿನ ಹೋಟೆಲು, ಕ್ಯಾಬುಗಳವರಿಗೆ ಆಗ ಗೊತ್ತಾಯಿತು.

ಅಲ್ಲಿಂದ ಎದ್ದದ್ದನ್ನು ನಾವು ಹಿಡಿದುಕೊಳ್ಳೋಣ ಎಂಬ ಆಸೆ ಪಕ್ಕದ ಜಿಲ್ಲೆಗೆ ಹುಟ್ಟುವುದು ಸಹಜ. ತಪ್ಪೂ ಅಲ್ಲ. ಆದರೆ ದೊಡ್ಡ ಜನಸ್ತೋಮವನ್ನು ನಿಭಾಯಿಸಲು ಬೇಕಾದದ್ದು ಹುಲ್ಲುಹಾಸು, ಪೆವಿಲಿಯನ್ ಮಾತ್ರವಲ್ಲ. ಒಳಹೋಗುವ ದಾರಿ ಎಷ್ಟು ಅಗಲ, ಹೊರಬರುವ ಗೇಟು ಎಷ್ಟು, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಪೊಲೀಸರು ಸಾಲುತ್ತಾರೆಯೇ? ರಾಜಧಾನಿಯ ನಡುಮಧ್ಯದಲ್ಲೇ ಸಾಲದೇ ಹೋದದ್ದು ಇಲ್ಲಿ ತಾನಾಗಿ ಸಾಲುವುದಿಲ್ಲ. ಮುದ್ದೇನಹಳ್ಳಿಯ ಮೈದಾನ ಇರುವುದು ಸತ್ಯಸಾಯಿ ಗ್ರಾಮವೆಂಬ ವ್ಯವಸ್ಥಿತ ಆವರಣದೊಳಗೆ. ಅದರ ಪಕ್ಕದಲ್ಲೇ 2023ರ ಮಾರ್ಚ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಉಚಿತ ವೈದ್ಯಕೀಯ ಕಾಲೇಜಿದೆ. ಎಲ್ಲ ಊರಿಗೂ ಆ ಅನುಕೂಲವಿಲ್ಲ.

ಬೆಟ್ಟವೇ ಮೈದಾನ

ಈ ಸೀಮೆಗೆ ಕ್ರೀಡೆ ಹೊಸದಾಗಿ ಬರಬೇಕಾಗಿಲ್ಲ. ಯಾವುದೇ ಭಾನುವಾರ ಬೆಳಕು ಹರಿಯುವ ಮುನ್ನ ಹೆದ್ದಾರಿಯ ನಂದಿ ಕ್ರಾಸ್ ಬಳಿ ನಿಂತರೆ ಮಿಣುಕು ದೀಪ ಕಟ್ಟಿಕೊಂಡ ಸೈಕಲ್ಲುಗಳು ಒಂದರ ಹಿಂದೊಂದು ಬರುತ್ತವೆ. ಬೆಂಗಳೂರಿನಿಂದ ಐವತ್ತು, ಅರವತ್ತು ಕಿಲೋಮೀಟರ್ ತುಳಿದುಕೊಂಡು ಬಂದವರು. ಅವರ ಗುರಿ 1,478 ಮೀಟರ್ ಎತ್ತರದ ನಂದಿಬೆಟ್ಟ. ತಪ್ಪಲಿನಿಂದ ಮೇಲಕ್ಕೆ ಏಳೆಂಟು ಕಿಲೋಮೀಟರ್ ಏರು, ತಿರುವಿನ ಮೇಲೆ ತಿರುವು. ಕೊನೆಯ ತಿರುವುಗಳಲ್ಲಿ ಪೆಡಲು ತಿರುಗುವುದೇ ಕಷ್ಟ. ಬೆಂಗಳೂರಿನ ಸೈಕಲ್ ಬಳಗಗಳು ಈ ಏರಿನಲ್ಲಿ ಸಮಯ ಅಳೆಯುವ ಸ್ಪರ್ಧೆಗಳನ್ನೇ ನಡೆಸಿವೆ. ಎಷ್ಟು ನಿಮಿಷದಲ್ಲಿ ಹತ್ತಿದೆ ಎಂಬುದು ಆ ವಲಯದಲ್ಲಿ ಮೀಸೆ ತಿರುವುವ ವಿಷಯ.

ಇವರಿಗೆ ಟಿಕೆಟ್ಟಿಲ್ಲ, ಪೆವಿಲಿಯನ್ ಇಲ್ಲ, ತಾರೆಗಳಿಲ್ಲ. ಆದರೆ ಇಳಿದು ಬಂದ ಮೇಲೆ ಹಸಿವು ಇರುತ್ತದೆ. ಎರಡು ಪ್ಲೇಟು ಇಡ್ಲಿ, ಮೇಲೊಂದು ದೋಸೆ, ಎಳನೀರು. ಮುಂದಿನ ವಾರ ಮತ್ತೆ ಬರುತ್ತಾರೆ, ಇನ್ನಿಬ್ಬರನ್ನು ಕರೆತರುತ್ತಾರೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಪಂದ್ಯಕ್ಕಿಂತ ವಾರವಾರ ಬರುವ ಈ ಸಣ್ಣ ಗುಂಪು ತಪ್ಪಲಿನ ಹೋಟೆಲಿನವನಿಗೆ ಹೆಚ್ಚು ಆಸರೆ ಎಂಬುದು ನನ್ನ ಖಚಿತ ಅಭಿಪ್ರಾಯ. ನೋಡುವ ಕ್ರೀಡೆಗಿಂತ ಮಾಡುವ ಕ್ರೀಡೆ ಸಣ್ಣ ಊರುಗಳಿಗೆ ಒಗ್ಗುತ್ತದೆ. ಓಟಗಾರ ತನ್ನ ಜೊತೆ ಮನೆಯವರನ್ನೂ ಕರೆತರುತ್ತಾನೆ. ನಸುಕಿಗೇ ಓಟ ಶುರುವಾಗುವುದರಿಂದ ಹಿಂದಿನ ರಾತ್ರಿ ಅಲ್ಲೇ ಉಳಿಯಬೇಕು. ಹಿಂಜರಿತ ಬಂದಾಗ ದೂರದ ಪ್ರವಾಸವನ್ನು ಕೈಬಿಡುವ ಮಧ್ಯಮ ವರ್ಗದವರು ಒಂದು ಗಂಟೆ ದೂರದ ಬೆಟ್ಟವನ್ನು ಕೈಬಿಡುವುದಿಲ್ಲ. ಕೋವಿಡ್ ನಿರ್ಬಂಧ ಸಡಿಲವಾದೊಡನೆ ನಂದಿಗೆ ಮುಗಿಬಿದ್ದ ಜನವೇ ಇದಕ್ಕೆ ಸಾಕ್ಷಿ.

ಸ್ಕಂದಗಿರಿಯ ಚಾರಣವೂ ಇದೇ ಜಾತಿಯದು. ಕಳವಾರದ ಕಡೆಯಿಂದ ರಾತ್ರಿ ಹತ್ತಿ ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ನೋಡುವ ಹುಚ್ಚು ಹಬ್ಬಿ ಬಹಳ ವರ್ಷವಾಯಿತು. ಈಗ ಮುಂಗಡ ಬುಕಿಂಗ್ ಇಲ್ಲದೆ ಹತ್ತುವಂತಿಲ್ಲ. ಅದು ಒಳ್ಳೆಯದೇ. ಎಷ್ಟು ಜನ ಬರುತ್ತಾರೆಂದು ಮೊದಲೇ ಗೊತ್ತಿದ್ದರೆ ಹಳ್ಳಿಯವರು ಅಷ್ಟು ಜನಕ್ಕೆ ಉಪ್ಪಿಟ್ಟು ಮಾಡಿಡಬಹುದು.

ಊರ ಟೂರ್ನಿಯ ಲೆಕ್ಕ ಬೇರೆ

ಗೌರಿಬಿದನೂರಿನ ನೇತಾಜಿ ಕ್ರೀಡಾಂಗಣ, ಚಿಂತಾಮಣಿಯ ಝಾನ್ಸಿ ಮೈದಾನ, ಶಿಡ್ಲಘಟ್ಟದ ನೆಹರು ಕ್ರೀಡಾಂಗಣ, ಚಿಕ್ಕಬಳ್ಳಾಪುರದ ಸರ್ ಎಂ.ವಿ. ಜಿಲ್ಲಾ ಕ್ರೀಡಾಂಗಣ. ಸ್ವಾತಂತ್ರ್ಯೋತ್ಸವದ ಧ್ವಜಾರೋಹಣಕ್ಕೂ ರಾಜಕೀಯ ಸಮಾವೇಶಕ್ಕೂ ಇವೇ ಗತಿ. ನಡುವೆ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್. ಈಶ ಸಂಸ್ಥೆಯವರ ಗ್ರಾಮೋತ್ಸವವೂ ಗಂಡಸರ ವಾಲಿಬಾಲ್, ಹೆಂಗಸರ ಥ್ರೋಬಾಲ್ ಜೊತೆಗೆ ಕರ್ನಾಟಕಕ್ಕೆ ಬಂದಿದೆ.

ಪ್ರವಾಸೋದ್ಯಮದ ಕಣ್ಣಿನಿಂದ ಮಾತ್ರ ನೋಡಿದರೆ ಈ ಟೂರ್ನಿಗಳಿಂದ ಹೊಸ ಹಣ ಬರುವುದು ಕಡಿಮೆ. ಪಕ್ಕದ ಹಳ್ಳಿಯವನು ಇಲ್ಲಿ ಬೋಂಡ ತಿಂದರೆ ಅವನೂರಿನ ಅಂಗಡಿಯಲ್ಲಿ ತಿನ್ನುವುದು ತಪ್ಪಿತು, ಅಷ್ಟೆ. ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಯಿತು. ಆದರೂ ಮಳೆ ಬಾರದ ವರ್ಷ ಊರಿಗೆ ಊರೇ ಬಲ್ಬಿನ ಬೆಳಕಲ್ಲಿ ಮೂರು ರಾತ್ರಿ ಕೂತು ಕಬಡ್ಡಿ ನೋಡುವುದನ್ನು ಲಾಭನಷ್ಟದ ಪುಸ್ತಕದಲ್ಲಿ ಬರೆದಿಡಬೇಕಾಗಿಲ್ಲ. ಇಲ್ಲಿ ಆಡಿದ ಹುಡುಗರಿಗೆ ಮುಂದೆ ಜಿಲ್ಲಾ ಮಟ್ಟದ, ರಾಜ್ಯ ಮಟ್ಟದ ಕೂಟ ಕರೆಸುವ ಅನುಭವ ಬರುತ್ತದೆ. ಅಂಪೈರು, ಅಂಕ ಬರೆಯುವವರು, ಶಾಮಿಯಾನದವರು, ಮೈಕ್ ಸೆಟ್ಟಿನವರು ಎಲ್ಲ ಇಲ್ಲಿಯೇ ತಯಾರಾಗುತ್ತಾರೆ. ರಾಜ್ಯ ಮಟ್ಟದ ಶಾಲಾ ಕ್ರೀಡಾಕೂಟವೊಂದು ಬಂದರೆ ಬೀದರಿನ, ಉಡುಪಿಯ ತಂಡಗಳು ಎರಡು ಮೂರು ರಾತ್ರಿ ಉಳಿಯಲೇಬೇಕು. ಒಂದು ರಾತ್ರಿಯೂ ನಿಲ್ಲದ ತಾರೆಗಳ ಪಂದ್ಯಕ್ಕಿಂತ ಅದು ಹೆಚ್ಚು ಹಣವನ್ನು ಊರಲ್ಲಿ ಬಿಡಬಲ್ಲದು.

ಎರಡನೆಯ ದಿನ ಎಲ್ಲಿಗೆ?

ಬಂದವರು ಉಳಿಯಬೇಕಾದರೆ ಎರಡನೆಯ ದಿನಕ್ಕೆ ಏನಾದರೂ ಇರಬೇಕು. ಇಲ್ಲಿ ಇರುವುದು ಬೇಕಾದಷ್ಟು. ಬೆಟ್ಟದ ಬುಡದಲ್ಲೇ ಭೋಗನಂದೀಶ್ವರನ ಗುಡಿ. ಆವಲಗುರ್ಕಿಯಲ್ಲಿ 2023ರ ಜನವರಿಯಲ್ಲಿ ಅನಾವರಣಗೊಂಡ 112 ಅಡಿಯ ಆದಿಯೋಗಿ, ಸಂಜೆಯ ಬೆಳಕಿನ ಪ್ರದರ್ಶನ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ, ಸಮಾಧಿ. ಚಿಂತಾಮಣಿ ಕಡೆ ಹೊರಳಿದರೆ ಕೈವಾರ ತಾತಯ್ಯನವರ ಮಠ, ಕೈಲಾಸಗಿರಿಯ ಗುಹೆಗಳು, ಮುರುಗಮಲ್ಲದ ದರ್ಗಾ. ಶಿಡ್ಲಘಟ್ಟದಲ್ಲಿ ಗೂಡಿನಿಂದ ಎಳೆ ಬಿಚ್ಚುವುದನ್ನು ಕಣ್ಣಾರೆ ಕಾಣಬಹುದು. ಬೆಂಗಳೂರಿನ ಮಕ್ಕಳಿಗೆ ರೇಷ್ಮೆ ಸೀರೆ ಗೊತ್ತು, ಕುದಿನೀರಿನಲ್ಲಿ ತೇಲುವ ಗೂಡು ಗೊತ್ತಿಲ್ಲ. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಸಾವಿರಾರು ನಾಗರಕಲ್ಲುಗಳ ನಡುವೆ 1938ರ ಏಪ್ರಿಲ್ 25ರ ಗುಂಡಿನ ದಾಳಿಯ ಸ್ಮಾರಕವಿದೆ. ಇದನ್ನು ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಕರೆಯುತ್ತೇವೆ, ಆದರೆ ರಾಜ್ಯದ ಎಷ್ಟು ಮಂದಿ ಅಲ್ಲಿ ಕಾಲಿಟ್ಟಿದ್ದಾರೆ?

ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರಕ್ಕೆ ಹೋಗುವ ರೈಲುಮಾರ್ಗ ಇದೆ. ಗೌರಿಬಿದನೂರು ಹಿಂದೂಪುರದ ಕಡೆಗಿನ ಮಾರ್ಗದಲ್ಲಿದೆ. ಅಂದರೆ ನಾಲ್ಕೂ ಪಟ್ಟಣಗಳಿಗೆ ಹಳಿ ಇದೆ. ಇಲ್ಲದಿರುವುದು ಪಂದ್ಯದ ದಿನ, ಸ್ಪರ್ಧೆಯ ದಿನ ಪ್ರೇಕ್ಷಕರ ಸಮಯಕ್ಕೆ ಹೊಂದುವ ಗಾಡಿ. ನಿಲ್ದಾಣದಲ್ಲಿ ಇಳಿದ ಮೇಲೆ ಕೈವಾರಕ್ಕೋ ವಿದುರಾಶ್ವತ್ಥಕ್ಕೋ ಹೋಗಲು ಸಂಜೆಯ ಬಸ್ಸು. ಕುಟುಂಬದವರು ಧೈರ್ಯವಾಗಿ ಉಳಿಯಬಹುದಾದ, ತೀರಾ ದುಬಾರಿಯಲ್ಲದ ಕೋಣೆ. ನಂದಿಯ ಸುತ್ತ ರೆಸಾರ್ಟುಗಳಿಗೆ ಬರವಿಲ್ಲ. ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಒಂದು ಒಳ್ಳೆಯ ಮಧ್ಯಮ ದರ್ಜೆಯ ವಸತಿಗೃಹ ಹುಡುಕಿ ನೋಡಿ, ಆಗ ತಿಳಿಯುತ್ತದೆ. ಬೆಟ್ಟಕ್ಕೆ ರೋಪ್‌ವೇ ಎಂದು 2023ರಲ್ಲಿ ಅಡಿಗಲ್ಲು ಬಿತ್ತು. ಅದು ಮುಗಿದರೂ ಜನ ನಂದಿಗೇ ಬರುತ್ತಾರೆ, ಉಳಿದ ಮೂರು ತಾಲ್ಲೂಕು ದಾರಿ ಕಾಯುತ್ತಲೇ ಇರುತ್ತವೆ.

ನೀರಿನ ಬಿಲ್ಲು ಯಾರಿಗೆ?

ಇಷ್ಟೆಲ್ಲ ಹೇಳಿದ ಮೇಲೆ ಖರ್ಚಿನ ಮಾತನ್ನೂ ಆಡಬೇಕು. ಹಸಿರು ಮೈದಾನ ಎಂದರೆ ನೀರು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ತಂದು ಕೆರೆ ತುಂಬಿಸುತ್ತಿರುವ ಜಿಲ್ಲೆ ಇದು. ಆ ನೀರಿನ ಶುದ್ಧತೆಯ ಬಗ್ಗೆ ರೈತರು ಇಂದಿಗೂ ತಕರಾರು ತೆಗೆಯುತ್ತಾರೆ. ಹೊಸ ಕ್ರೀಡಾಂಗಣ ಕಟ್ಟುವಾಗ ಹುಲ್ಲಿಗೆ ಯಾವ ನೀರು, ಎಲ್ಲಿಂದ ಎಂಬುದು ಮೊದಲ ಪ್ರಶ್ನೆಯಾಗಬೇಕು, ಕೊನೆಯದಲ್ಲ. ಭಾನುವಾರ ಸಂಜೆ ನಂದಿ ರಸ್ತೆಯ ಬದಿಯಲ್ಲಿ ಬಿದ್ದಿರುವ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣಗಳನ್ನು ಎತ್ತುವ ಕೂಲಿಯೂ ಪಂಚಾಯಿತಿಯದೇ. ಪ್ರವಾಸಿಯಿಂದ ಬಂದ ಹಣದಲ್ಲಿ ಆ ಪಂಚಾಯಿತಿಗೆ ಸೇರುವ ಪಾಲು ಮಾತ್ರ ಅತ್ಯಲ್ಪ.

ಆದ್ದರಿಂದ ಜಿಲ್ಲೆಯ ಶಾಸಕರಲ್ಲಿ, ಅಧಿಕಾರಿಗಳಲ್ಲಿ ಒಂದು ವಿನಂತಿ. ಯಾವುದೇ ದೊಡ್ಡ ಕೂಟ ನಡೆದ ತಿಂಗಳೊಳಗೆ ಎಷ್ಟು ಕೋಣೆ ತುಂಬಿದವು, ಸ್ಥಳೀಯರಿಗೆ ಎಷ್ಟು ದಿನದ ಕೂಲಿ ಸಿಕ್ಕಿತು, ಪೊಲೀಸು, ಕಸ, ನೀರಿಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಿ. ಹೊಸ ಕ್ರೀಡಾಂಗಣದ ಮಾತು ಆಮೇಲಾಗಲಿ. ಮೊದಲು ಇರುವ ನಾಲ್ಕು ಮೈದಾನಗಳಿಗೆ ಶೌಚಾಲಯ, ದೀಪ, ಕುಡಿಯುವ ನೀರು ಕೊಡಿ. ವರ್ಷಕ್ಕೊಂದು ರಾಜ್ಯ ಮಟ್ಟದ ಕೂಟವನ್ನು ಸರದಿಯ ಮೇಲೆ ಒಂದೊಂದು ತಾಲ್ಲೂಕಿಗೆ ತನ್ನಿ. ಅದನ್ನು ಬೆಟ್ಟ ತುಂಬಿರುವ ವಾರಾಂತ್ಯದಲ್ಲಿ ಬೇಡ, ಕೋಣೆಗಳು ಖಾಲಿ ಇರುವ ದಿನಗಳಲ್ಲಿ ಇಡಿ. ಆ ದಿನಗಳಲ್ಲಿ ರಾತ್ರಿ ಎಂಟರವರೆಗಾದರೂ ಬಸ್ಸು ಓಡಿಸಿ. ಕೋಟಿಗಟ್ಟಲೆ ಬೇಡದ ಕೆಲಸಗಳಿವು, ಮುಂದಿನ ಬಜೆಟ್ಟಿನೊಳಗೇ ಆಗಬಹುದಾದವು.